ದೀಕ್ಷಾಸ್ನಾನದ ನಂತರದ ಎಂಟು ವರ್ಷ

1891ರ ಹೊತ್ತಿಗೆ ಪಂಡಿತಾ ರಮಾಬಾಯಿಯವರ ಹೆಸರು ಕಲ್ಕತ್ತೆಯಿಂದ ಬಾಸ್ಟನ್ನಿನವರೆಗೆ ಪರಿಚಿತವಾಗಿತ್ತು. ಮೇಲ್ಜಾತಿಯ ಹಿಂದೂ ಹೆಂಗಸರ ಪಾಡನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1887ರಲ್ಲೇ ಅಮೆರಿಕದಲ್ಲಿ ಅಚ್ಚಾಗಿತ್ತು. ಬಾಲವಿಧವೆಯರಿಗಾಗಿ ಅವರು ತೆರೆದ ಶಾರದಾ ಸದನ ಮುಂಬಯಿಯಿಂದ ಪುಣೆಗೆ ಬಂದು ನೆಲೆಯೂರುತ್ತಿತ್ತು. ಅವರು ಕ್ರೈಸ್ತರಾಗಿ ಎಂಟು ವರ್ಷ ಕಳೆದಿದ್ದವು. ಕ್ರಮ ತಪ್ಪದ ಪ್ರಾರ್ಥನೆ, ಸತ್ಯವೇದದ ಓದು, ಎಲ್ಲವೂ ಇತ್ತು. ಆದರೂ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ತಾವು ಒಂದು ಧರ್ಮವನ್ನು ಸ್ವೀಕರಿಸಿದ್ದೇನೋ ನಿಜ, ಆದರೆ ಆ ಧರ್ಮದ ನಡುವೆ ಇರಬೇಕಾದವನೇ ತಮಗೆ ಇನ್ನೂ ಸಿಕ್ಕಿಲ್ಲ ಎಂಬ ಅರಿವು ಅವರನ್ನು ಕಾಡುತ್ತಿತ್ತು. ಇದನ್ನು ಅವರೇ 1907ರಲ್ಲಿ ಪ್ರಕಟವಾದ ತಮ್ಮ ಸಾಕ್ಷಿಯಲ್ಲಿ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ.

ಕನ್ನಡದ ಕ್ರೈಸ್ತ ಸಭೆಗಳಲ್ಲಿ, ಮನೆಮನೆಯ ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳುವ ರೂಢಿಯಿದೆ. ಎದ್ದು ನಿಂತವರು ಮೊದಲು ಹೇಗಿದ್ದೆವು, ಕರ್ತನು ಹೇಗೆ ಹಿಡಿದ, ಈಗ ಹೇಗಿದ್ದೇವೆ ಎಂದು ಹೇಳಿ ಕೂರುತ್ತಾರೆ. ಬಹುತೇಕ ಸಾಕ್ಷಿಗಳು ದೀಕ್ಷಾಸ್ನಾನದ ನೀರಿನಿಂದ ನೇರವಾಗಿ ಸಂತೋಷಕ್ಕೆ ಬರುತ್ತವೆ. ನಡುವಿನ ಒಣ ವರ್ಷಗಳ ಮಾತು ಅಪರೂಪ. ಹಾಗಾಗಿ ನಂಬಿದ ಮೇಲೂ ಬೇಸರದಲ್ಲಿ ಬಿದ್ದವರು ಇದು ತಮಗೊಬ್ಬರಿಗೇ ಬಂದ ರೋಗವೆಂದೋ, ತಮ್ಮ ನಂಬಿಕೆಯೇ ಸುಳ್ಳೆಂದೋ ತಿಳಿದು ಬಾಯಿ ಮುಚ್ಚಿಕೊಳ್ಳುತ್ತಾರೆ. ರಮಾಬಾಯಿಯವರ ಎಂಟು ವರ್ಷಗಳನ್ನು ಬಿಡಿಸಿ ನೋಡಬೇಕಾದದ್ದು ಇಂಥವರಿಗಾಗಿ. ಅವರು ಮತಾಂತರವಾದದ್ದು ಸರಿಯೋ ತಪ್ಪೋ ಎಂಬ ಜಗಳ ಆ ಕಾಲದ ಪತ್ರಿಕೆಗಳಲ್ಲಿ ಸಾಕಷ್ಟು ನಡೆದಿದೆ. ಆದ ಮೇಲೆ ಅವರೊಳಗೆ ಏನು ನಡೆಯಿತು ಎಂದು ಕೇಳಿದವರು ಕಡಿಮೆ.

ಅವರು ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದ ಕಡೆಯ ಚಿತ್ಪಾವನ ಬ್ರಾಹ್ಮಣರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಪಂಡಿತರ ಆಕ್ಷೇಪಕ್ಕೆ ಗುರಿಯಾಗಿ, ಆ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡು ಶಿಷ್ಯರಿಗೆ ಪಾಠ ಹೇಳುತ್ತಿದ್ದವರು. ಮಗು ಇನ್ನೂ ಕೈಗೂಸಾಗಿದ್ದಾಗಲೇ ಸಂಸಾರ ಆಶ್ರಮ ಬಿಟ್ಟು ಯಾತ್ರೆ ಹೊರಟಿತು. ಊರಿಂದೂರಿಗೆ, ದೇವಸ್ಥಾನದಿಂದ ದೇವಸ್ಥಾನಕ್ಕೆ ಹೋಗಿ ಪುರಾಣ ಓದುವುದು, ಕೇಳಿದವರು ಕೊಟ್ಟದ್ದರಲ್ಲಿ ಬದುಕುವುದು. ಹುಡುಗಿಗೆ ತಾಯಿಯೇ ಗುರು. ಸಂಸ್ಕೃತ ಮತ್ತು ಮರಾಠಿ ಮನೆಯಲ್ಲಿ ಬಂದವು, ಕನ್ನಡ, ಹಿಂದೂಸ್ತಾನಿ, ಬಂಗಾಳಿ ಅಲೆದಾಟದಲ್ಲಿ ಬಂದವು. ಅದೇ ಕರಾವಳಿಯ ಮಂಗಳೂರಿಗೆ ಬಾಸೆಲ್ ಮಿಷನ್ನಿನವರು ಬಂದಿದ್ದದ್ದು 1834ರಲ್ಲಿ. ಆದರೆ ಡೋಂಗ್ರೆ ಕುಟುಂಬಕ್ಕೂ ಅವರಿಗೂ ಸಂಬಂಧವಿರಲಿಲ್ಲ. ರಮಾಬಾಯಿಯವರ ಮೊದಲ ನಿರಾಶೆ ತಮ್ಮ ಮನೆಯ ಧರ್ಮದೊಳಗೇ ಆದದ್ದು, ಅದೂ ಹಸಿವಿನಿಂದ.

1874ರ ಸುಮಾರಿಗೆ ಮದ್ರಾಸ್ ಪ್ರಾಂತ್ಯದಲ್ಲಿ ಬರ. ತಂದೆಗೆ ಕಣ್ಣು ಮಂಜಾಗಿತ್ತು. ಕೈಯಲ್ಲಿದ್ದ ಹಣವೆಲ್ಲ ದಾನಕ್ಕೆ, ಪೂಜೆಗೆ ಖರ್ಚಾಗಿತ್ತು. ದೇವರು ಕೈಬಿಡುವುದಿಲ್ಲವೆಂದು ಜಪ, ಉಪವಾಸ, ಪ್ರದಕ್ಷಿಣೆ ನಡೆದೇ ಇದ್ದವು. ಪಾತ್ರೆ, ಬಟ್ಟೆ, ಕೊನೆಯ ಒಡವೆ ಎಲ್ಲವನ್ನೂ ಮಾರಿದ ಮೇಲೆ ಕಾಡು ಸೇರಿದರು. ಅಲ್ಲಿ ಹನ್ನೊಂದು ದಿನ ನೀರು, ಎಲೆ, ಒಂದು ಹಿಡಿ ಕಾಡು ಖರ್ಜೂರದ ಮೇಲೆ ಜೀವ ಹಿಡಿದುಕೊಂಡದ್ದನ್ನು ರಮಾಬಾಯಿ ಬರದ ಅನುಭವಗಳ ಬಗ್ಗೆ ಬರೆದಾಗ ನೆನೆದಿದ್ದಾರೆ. ತಂದೆ ಜಲಸಮಾಧಿಗೆ ಸಿದ್ಧರಾದರು. ಮಗ ಶ್ರೀನಿವಾಸ ಕೂಲಿ ಮಾಡಿಯಾದರೂ ಸಾಕುತ್ತೇನೆಂದು ತಡೆದ. ಆದರೂ ತಂದೆ ಉಳಿಯಲಿಲ್ಲ, ತಾಯಿಯೂ ಉಳಿಯಲಿಲ್ಲ, ಅಕ್ಕನೂ ಹೋದಳು. ತಾಯಿಯ ಹೆಣ ಹೊರಲು ಜನ ಸಾಲದೆ ಅಣ್ಣನ ಜೊತೆ ಈ ಹುಡುಗಿಯೂ ಹೆಗಲು ಕೊಡಬೇಕಾಯಿತು. ಎತ್ತರ ಸಾಲದ್ದರಿಂದ ಚಟ್ಟವನ್ನು ತಲೆಯ ಮೇಲೆ ಹೊತ್ತು ಮೂರು ಮೈಲಿ ನಡೆದಳು.

ಅಣ್ಣತಂಗಿಯರು ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತೆ ತಲುಪಿದರು. ಅಲ್ಲಿನ ವಿದ್ವಾಂಸರು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಹೆಂಗಸರಿಗೆ ಅವರ ಧರ್ಮವೇನೆಂದು ಉಪನ್ಯಾಸ ಮಾಡಿ ಎಂದೂ ಕೇಳಿದರು. ಅದಕ್ಕಾಗಿ ಧರ್ಮಶಾಸ್ತ್ರಗಳನ್ನು ಓದಲು ಕೂತ ರಮಾಬಾಯಿಗೆ ಒಂದು ಸಂಗತಿ ಎದ್ದು ಕಂಡಿತು. ನೂರು ವಿಷಯಗಳಲ್ಲಿ ಒಂದಕ್ಕೊಂದು ಹೊಂದದ ಗ್ರಂಥಗಳು ಹೆಣ್ಣು ಕೀಳು ಎಂಬಲ್ಲಿ, ಅವಳಿಗೂ ಶೂದ್ರನಿಗೂ ಸ್ವಂತವಾಗಿ ಮೋಕ್ಷದ ದಾರಿ ಇಲ್ಲ ಎಂಬಲ್ಲಿ ಒಂದಾಗುತ್ತಿದ್ದವು. ಬಿರುದು ಕೊಟ್ಟ ಶಾಸ್ತ್ರದಲ್ಲಿ ಆಕೆಗೆ ಜಾಗವಿರಲಿಲ್ಲ. ಅದೇ ಕಲ್ಕತ್ತೆಯಲ್ಲಿ ಮೊದಲ ಸಲ ಕ್ರೈಸ್ತರ ಕೂಟವೊಂದಕ್ಕೆ ಹೋದಾಗ, ಕುರ್ಚಿಗಳ ಮುಂದೆ ಮಂಡಿಯೂರಿದವರನ್ನು ಕಂಡು ಇವರು ಕುರ್ಚಿಗೆ ನಮಸ್ಕರಿಸುತ್ತಿದ್ದಾರೆಂದೇ ಭಾವಿಸಿದರು. ಸಂಸ್ಕೃತದ ಸತ್ಯವೇದವನ್ನು ಯಾರೋ ಕೊಟ್ಟರು, ಅದು ಆಗ ತಲೆಗೆ ಹತ್ತಲಿಲ್ಲ.

ಮುಂದಿನದು ವೇಗವಾಗಿ ನಡೆದುಹೋಯಿತು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಜಾತಿ ಮೀರಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಂದಿಗೆ ಮದುವೆ. 1881ರಲ್ಲಿ ಮಗಳು ಮನೋರಮಾ, 1882ರಲ್ಲಿ ಕಾಲರಾಕ್ಕೆ ಗಂಡ ಬಲಿ. ಅಸ್ಸಾಮಿನ ಸಿಲ್ಚರಿನ ಮನೆಯಲ್ಲಿ ಸಿಕ್ಕ ಬಂಗಾಳಿ ಭಾಷೆಯ ಲೂಕನ ಸುವಾರ್ತೆ ಅವರ ಮನಸ್ಸನ್ನು ಹಿಡಿದಿತ್ತು. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ವೈದ್ಯಶಾಸ್ತ್ರ ಕಲಿಯಬೇಕೆಂದು 1883ರಲ್ಲಿ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದರು.

ಉಳಿದುಕೊಂಡದ್ದು ವಾಂಟೇಜ್ ಊರಿನ ಸೇಂಟ್ ಮೇರಿ ದ ವರ್ಜಿನ್ ಎಂಬ ಆಂಗ್ಲಿಕನ್ ಕನ್ಯಾಸ್ತ್ರೀಯರ ಮಠದಲ್ಲಿ. ಕಿವಿ ಮಂದವಾಗುತ್ತಿದ್ದುದರಿಂದ ವೈದ್ಯಶಾಸ್ತ್ರದ ಆಸೆ ಬಿಡಬೇಕಾಯಿತು. ಜೊತೆಗೆ ಬಂದಿದ್ದ ಆನಂದಿಬಾಯಿ ಭಗತ್ ಅದೇ ಮಠದಲ್ಲಿ, ಮಾನಸಿಕ ಯಾತನೆಯ ಘಳಿಗೆಯೊಂದರಲ್ಲಿ ಪ್ರಾಣ ಕಳೆದುಕೊಂಡರು. ಪರದೇಶ, ಚಳಿ, ಸ್ನೇಹಿತೆಯ ಸಾವು, ಕೈಯಲ್ಲಿ ಕೂಸು. ಇವುಗಳ ನಡುವೆ 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಭಾರತದಲ್ಲಿ ಹಲವರು ಇದನ್ನು ದ್ರೋಹವೆಂದರು. ದಿಕ್ಕಿಲ್ಲದವಳನ್ನು ಒತ್ತಾಯಿಸಿದರೆಂದು ಕೆಲವರು ಊಹಿಸಿದರು. ರಮಾಬಾಯಿ ತಾವೇ ಕೊಟ್ಟ ಕಾರಣ ಬೇರೆ. ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಆ ಕನ್ಯಾಸ್ತ್ರೀಯರು ‘ಕೆಟ್ಟುಹೋದವರು’ ಎಂದು ಲೋಕ ತಳ್ಳಿದ ಹೆಂಗಸರಿಗಾಗಿ ಮನೆಯೊಂದನ್ನು ನಡೆಸುತ್ತಿದ್ದರು. ಇಂಥ ಹೆಂಗಸಿಗೆ ಶಾಸ್ತ್ರ ವಿಧಿಸಿದ ಕ್ರೂರ ಶಿಕ್ಷೆಯನ್ನು ಓದಿದ್ದ ಅವರು, ಅವಳನ್ನು ಮೈಮುಟ್ಟಿ ಮಾತಾಡಿಸುವವರನ್ನು ಕಂಡದ್ದು ಅಲ್ಲಿಯೇ ಮೊದಲು. ಹೀಗೇಕೆ ಮಾಡುತ್ತೀರಿ ಎಂದು ಕೇಳಿದಾಗ ಯೋಹಾನನ ಸುವಾರ್ತೆಯ ಸಮಾರ್ಯದ ಹೆಂಗಸಿನ ಕಥೆಯನ್ನು ಓದಿಸಿದರು. ಬಾವಿಯ ಬಳಿ ಯೇಸು ಮಾತಾಡಿಸಿದ ಆ ಹೆಂಗಸಿನಲ್ಲಿ ರಮಾಬಾಯಿಗೆ ತಮ್ಮ ದೇಶದ ಹೆಂಗಸರೆಲ್ಲ ಕಂಡರು. ನೀಲಕಂಠ ಶಾಸ್ತ್ರಿಗಳಾಗಿದ್ದು ಕ್ರೈಸ್ತರಾದ ನೆಹೆಮಿಯಾ ಗೋರೆಯವರ ಪತ್ರಗಳು ತರ್ಕದ ತೊಡಕುಗಳನ್ನು ಬಿಡಿಸಿದವು. ಮನಸ್ಸು ಓಗೊಟ್ಟದ್ದು ಫುಲ್‌ಹ್ಯಾಮ್‌ನಲ್ಲಿ, ಬುದ್ಧಿ ಒಪ್ಪಿದ್ದು ಗೋರೆಯವರ ಕಾಗದಗಳಲ್ಲಿ.

ಆದರೆ ಅಲ್ಲಿಂದ ಮುಂದಿನ ದಾರಿ ಸುಲಭವಾಗಿರಲಿಲ್ಲ. ಆ ಮಠದ ಸಿಸ್ಟರ್ ಜೆರಾಲ್ಡಿನ್ ರಮಾಬಾಯಿಯವರ ಧರ್ಮಬೋಧಕಿ. ಅವರನ್ನು ರಮಾಬಾಯಿ ಪ್ರೀತಿಯಿಂದ ಅಜ್ಜಿಯೆಂದು ಕರೆಯುತ್ತಿದ್ದರು. ಅವರೊಂದಿಗೇ ಪತ್ರಗಳಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ತ್ರಯೈಕ್ಯದ ಬಗ್ಗೆ ಪ್ರಶ್ನೆ, ಕನ್ಯೆಯಲ್ಲಿ ಹುಟ್ಟಿದ್ದರ ಬಗ್ಗೆ ಪ್ರಶ್ನೆ, ಒಂದೇ ಸತ್ಯವೇದವಿದ್ದು ಇಷ್ಟೊಂದು ಸಭೆಗಳೇಕೆ ಎಂಬ ಪ್ರಶ್ನೆ. ಶಿಲುಬೆಯ ಮೇಲೆ ಲ್ಯಾಟಿನ್ ಬರಹವೇ ಏಕೆ, ಸಂಸ್ಕೃತ ಏಕಾಗಬಾರದು ಎಂದೂ ಕೇಳಿದರು. ಮಾಂಸ, ಮೊಟ್ಟೆ ಮುಟ್ಟದಿದ್ದದ್ದು ಬೋಧಕರ ಕಣ್ಣಿಗೆ ಹಳೆಯ ಜಾತಿಯ ಹೆಮ್ಮೆಯಾಗಿ ಕಂಡಿತು. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳುವ ಮಾತು ಬಂದಾಗ ಬಿಷಪರು ಅಡ್ಡ ಬಂದರು. ಗಂಡಸರ ಸಭೆಗಳಲ್ಲಿ ಶಾಸ್ತ್ರಾರ್ಥ ಮಾಡಿ ಬಂದ ಪಂಡಿತೆಗೆ ಅದು ಎಷ್ಟು ನೋವು ಕೊಟ್ಟಿರಬೇಕು. ಪಂಡಿತರ ಅಧಿಕಾರದ ನೊಗ ಕಷ್ಟಪಟ್ಟು ಇಳಿಸಿ ಬಂದವಳು ಪಾದ್ರಿಗಳ ಅಧಿಕಾರದ ನೊಗಕ್ಕೆ ಕತ್ತು ಕೊಡಲಾರೆ ಎಂಬ ಅರ್ಥದಲ್ಲಿ ಅವರು ಉತ್ತರ ಬರೆದರು. ತಮಗೊಂದು ಆತ್ಮಸಾಕ್ಷಿಯಿದೆ, ಅದನ್ನು ದೇವರೇ ಕೊಟ್ಟದ್ದು ಎಂಬುದು ಅವರ ನಿಲುವು.

ಆ ಮಠದಲ್ಲಿದ್ದವರಿಗೆ ಇದು ಅಹಂಕಾರವಾಗಿ ಕಂಡಿತು. ಹೊಸ ವಿಶ್ವಾಸಿ ಕೃತಜ್ಞಳಾಗಿರಬೇಕು, ಪ್ರಶ್ನೆ ಕೇಳಬಾರದು ಎಂಬುದು ಅಂದಿನ ಸಭೆಯ ಅಲಿಖಿತ ನಿಯಮ. ಇಂದಿಗೂ ಅನೇಕ ಕಡೆ ಅದೇ ನಿಯಮ. ಆದರೆ ಆ ಪತ್ರಗಳನ್ನು ಓದಿದರೆ ಕಾಣುವುದು ನಂಬಿಕೆಯ ಕೊರತೆಯಲ್ಲ. ಇನ್ನೊಬ್ಬರ ಮಾತನ್ನು ತನ್ನದೆಂದು ಸುಳ್ಳು ಹೇಳಲು ಒಪ್ಪದ ಪ್ರಾಮಾಣಿಕತೆ ಅದು. ಜೆರಾಲ್ಡಿನ್ ಅವರ ದೊಡ್ಡ ಗುಣವೊಂದನ್ನೂ ಇಲ್ಲಿ ಹೇಳಬೇಕು. ತಮ್ಮನ್ನು ಎದುರಿಸಿ ಬರೆದ ಆ ಪತ್ರಗಳನ್ನು ಜೋಪಾನವಾಗಿ ಕೂಡಿಸಿಟ್ಟವರು ಅವರೇ. 1977ರಲ್ಲಿ ಅವು ಪುಸ್ತಕವಾಗಿ ಹೊರಬಂದದ್ದು ಅದರಿಂದ.

ದೀಕ್ಷಾಸ್ನಾನದ ನಂತರದ ಬೇಸರ ಕ್ರೈಸ್ತ ಪರಂಪರೆಗೆ ಹೊಸದೇನಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಎಂಬ ಸನ್ಯಾಸಿ ನಡುಮಧ್ಯಾಹ್ನ ಬಂದೆರಗುವ ಪಿಶಾಚಿಯನ್ನು ವರ್ಣಿಸಿದ್ದಾನೆ. ಸೂರ್ಯ ಕದಲುವುದಿಲ್ಲ, ಗುಡಿಸಲಿನ ಕಿಟಕಿಯಿಂದ ಮತ್ತೆ ಮತ್ತೆ ಹೊರಗೆ ನೋಡಬೇಕೆನಿಸುತ್ತದೆ, ಬಿಟ್ಟುಬಂದ ನೆಂಟರು ನೆನಪಾಗುತ್ತಾರೆ, ಜೊತೆಗಿರುವ ಸೋದರರಲ್ಲಿ ಪ್ರೀತಿಯೇ ಇಲ್ಲವೆನಿಸುತ್ತದೆ. ಜಾನ್ ವೆಸ್ಲಿ 1738ರ ಮೇ 24ರ ರಾತ್ರಿ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ತನ್ನ ಎದೆ ಬೆಚ್ಚಗಾದದ್ದನ್ನು ದಿನಚರಿಯಲ್ಲಿ ಬರೆದ. ಮೆಥಡಿಸ್ಟರು ಆ ದಿನವನ್ನು ಇಂದಿಗೂ ಆಚರಿಸುತ್ತಾರೆ. ಎಂಟು ತಿಂಗಳು ತುಂಬುವ ಮೊದಲೇ, 1739ರ ಜನವರಿಯಲ್ಲಿ, ತಾನು ಕ್ರೈಸ್ತನೇ ಅಲ್ಲ ಎಂದು ಅದೇ ದಿನಚರಿಯಲ್ಲಿ ಬರೆದುಕೊಂಡ. ಆ ಜನವರಿಯ ಪುಟದ ನೆನಪಿಗೆ ಹಬ್ಬವಿಲ್ಲ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದಾಗ, ಕಲ್ಕತ್ತೆಯ ಬೀದಿಗಳಲ್ಲಿ ನಗುತ್ತಾ ಓಡಾಡಿದ ಆಕೆ ಹೆಚ್ಚುಕಡಿಮೆ ಐವತ್ತು ವರ್ಷ ದೇವರ ಸುಳಿವೂ ಸಿಗದ ಕತ್ತಲಲ್ಲಿದ್ದರೆಂದು ತಿಳಿದು ಲೋಕ ಬೆರಗಾಯಿತು.

ಇಷ್ಟೂ ಹಳೆಯ ಅನುಭವವಿರುವ ಧರ್ಮದಲ್ಲಿ ಬೇಸರಗೊಂಡ ವಿಶ್ವಾಸಿಗೆ ‘ನಿಮ್ಮ ಪ್ರಾರ್ಥನೆ ಸಾಲದು’ ಎಂದು ಹೇಳುವುದು ಕ್ರೂರ. ಕೀರ್ತನೆಗಳ ಪುಸ್ತಕದಲ್ಲಿ 88ನೆಯ ಕೀರ್ತನೆ ಕತ್ತಲಿನಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಕಿತ್ತುಹಾಕಲಿಲ್ಲ. ಕರ್ಮೆಲ್ ಬೆಟ್ಟದಲ್ಲಿ ಗೆದ್ದ ಎಲೀಯ ಮರುದಿನಗಳಲ್ಲೇ ಗಿಡವೊಂದರ ಕೆಳಗೆ ಬಿದ್ದುಕೊಂಡು ಸಾವು ಬೇಡಿದಾಗ ದೇವದೂತ ಉಪದೇಶ ಮಾಡಲಿಲ್ಲ, ಎಬ್ಬಿಸಿ ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಸಭಾಪಾಲಕರು ಆ ಅಧ್ಯಾಯವನ್ನು ಇನ್ನೂ ಹೆಚ್ಚಾಗಿ ಓದಿಸಬೇಕು.

ರಮಾಬಾಯಿಯವರಿಗೆ ತಿರುವು ಸಿಕ್ಕಿದ್ದು ಪುಸ್ತಕವೊಂದರಿಂದ. ವಿಲಿಯಂ ಹ್ಯಾಸ್ಲಮ್ ಎಂಬ ಆಂಗ್ಲಿಕನ್ ಪಾದ್ರಿ 1851ರಲ್ಲಿ ಕಾರ್ನ್‌ವಾಲಿನ ತನ್ನ ಚರ್ಚಿನಲ್ಲಿ ಉಪದೇಶ ಮಾಡುತ್ತಿರುವಾಗಲೇ ತನ್ನ ಉಪದೇಶ ತನಗೇ ತಟ್ಟಿ ಬದಲಾದವನು. ಅವನ ಆತ್ಮಕಥೆ ಓದುವಾಗ ಅವರಿಗೆ ತಮ್ಮದೇ ಸ್ಥಿತಿ ಹೊಳೆಯಿತು. ಓದು, ತರ್ಕ, ವ್ರತ, ನೇಮ ಇವುಗಳಿಂದ ಯೋಗ್ಯತೆ ಗಳಿಸಿಕೊಳ್ಳಬೇಕೆಂಬ ಹಠವನ್ನು ಅವರು ತಂದೆಯ ಮನೆಯಿಂದಲೇ ತಂದಿದ್ದರು. ವಾಂಟೇಜಿನಲ್ಲಿ ಆ ಹಠ ಸಭೆಯ ಕ್ರಮಗಳ ಮೇಲೆ ಕೂತಿತ್ತು, ಅಷ್ಟೇ. ಈಗ ಅದನ್ನು ಬಿಟ್ಟು, ಇದ್ದಂತೆಯೇ ಕ್ರಿಸ್ತನ ಮುಂದೆ ನಿಂತರೆ ಸಾಕೆಂದು ತಿಳಿದಾಗ ಮನಸ್ಸು ಹಗುರಾಯಿತು ಎನ್ನುತ್ತಾರೆ. ಹೀಗೆ ನೋಡಿದರೆ ಆ ಎಂಟು ವರ್ಷ ವ್ಯರ್ಥವಾಗಿರಲಿಲ್ಲ. ತಮಗೆ ಒಪ್ಪಿಗೆಯಾಗದ್ದನ್ನೆಲ್ಲ ಅವರು ಮೊದಲೇ ತಳ್ಳಿಹಾಕಿದ್ದರಿಂದ, ಕೊನೆಗೆ ಉಳಿದ ನಂಬಿಕೆ ಅವರ ಸ್ವಂತದ್ದಾಗಿತ್ತು. ವಾಂಟೇಜಿನ ಪಾಠವನ್ನು ತುಟಿಯಲ್ಲಿ ಒಪ್ಪಿಕೊಂಡಿದ್ದರೆ 1891ರಲ್ಲಿ ಹುಡುಕುವ ಅಗತ್ಯವೇ ಅವರಿಗೆ ಕಾಣುತ್ತಿರಲಿಲ್ಲ.

ನೆಮ್ಮದಿ ಸಿಕ್ಕಿತೆಂದು ಕಷ್ಟ ತೀರಲಿಲ್ಲ. ಎರಡೇ ವರ್ಷದಲ್ಲಿ, 1893ರಲ್ಲಿ, ಶಾರದಾ ಸದನದ ಮೇಲೆ ಪುಣೆಯಲ್ಲಿ ದೊಡ್ಡ ಗದ್ದಲವೆದ್ದಿತು. ಅಲ್ಲಿ ಧರ್ಮದ ಪಾಠ ಇರುವುದಿಲ್ಲ ಎಂಬ ಭರವಸೆಯ ಮೇಲೆ ಜನ ಹೆಣ್ಣುಮಕ್ಕಳನ್ನು ಕಳಿಸಿದ್ದರು. ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ಹಾಕುತ್ತಿರಲಿಲ್ಲ, ಕೆಲವು ಹುಡುಗಿಯರು ಬಂದು ಕೂರುತ್ತಿದ್ದರು. ಟಿಳಕರ ‘ಕೇಸರಿ’ ಪತ್ರಿಕೆ ಕಟುವಾಗಿ ಬರೆಯಿತು. ರಾನಡೆ, ಭಾಂಡಾರ್ಕರ್ ಅವರಂಥ ಹಿತೈಷಿಗಳು ಸಲಹಾ ಸಮಿತಿಯಿಂದ ಹೊರಬಂದರು. ಎಷ್ಟೋ ಹುಡುಗಿಯರನ್ನು ಮನೆಯವರು ಕರೆದೊಯ್ದರು. ಪೋಷಕರ ಭಯಕ್ಕೆ ಕಾರಣವಿತ್ತು ಎಂಬುದನ್ನು ಒಪ್ಪಲೇಬೇಕು. ಆಶ್ರಯ ಕೊಟ್ಟವರ ಧರ್ಮ ಆಶ್ರಯ ಪಡೆದವರ ಮೇಲೆ ಹೇಳದೆಯೇ ಒತ್ತಡ ಹಾಕುತ್ತದೆ. ಹಾಗೆಂದು ತನ್ನ ಕೋಣೆಯಲ್ಲಿ ತನ್ನ ದೇವರನ್ನು ಕದ್ದು ಪ್ರಾರ್ಥಿಸು ಎಂದು ಒಬ್ಬ ಹೆಂಗಸಿಗೆ ಹೇಳುವುದೂ ನ್ಯಾಯವಲ್ಲ. ಆ ಸದನದಲ್ಲಿ ಕಲಿತವರೆಲ್ಲ ಕ್ರೈಸ್ತರಾಗಲಿಲ್ಲ ಎಂಬುದಕ್ಕೆ ಅಲ್ಲಿಯ ಮೊದಮೊದಲ ವಿದ್ಯಾರ್ಥಿನಿ ಗೋದೂಬಾಯಿಯೇ ಸಾಕ್ಷಿ. ಅದೇ 1893ರಲ್ಲಿ ಆ ವಿಧವೆ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ, ಹಿಂದೂವಾಗಿಯೇ ಉಳಿದು, ಮುಂದೆ ಗಂಡನ ಜೊತೆ ಹೆಣ್ಣುಮಕ್ಕಳ ವಿದ್ಯೆಗಾಗಿ ದುಡಿದರು.

1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತು. ಸುದ್ದಿ ಕೇಳಿದ ರಮಾಬಾಯಿಗೆ ತಮ್ಮ ಹದಿನಾರರ ಹಸಿವು ನೆನಪಾಗದಿರಲಿಲ್ಲ. ತಾವೇ ಹೋಗಿ ಮೂಳೆಚಕ್ಕಳವಾಗಿದ್ದ ಹುಡುಗಿಯರನ್ನು ಗುಂಪುಗುಂಪಾಗಿ ಕರೆತಂದರು. ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಕೊಂಡಿದ್ದ ಜಮೀನಿನಲ್ಲಿ ಅವರಿಗೆ ನೆಲೆಯಾಯಿತು, ಅದೇ ಮುಕ್ತಿ ಸದನ. ಗುಜರಾತಿನ ಬರದ ನಂತರ ಅಲ್ಲಿದ್ದವರು ಸಾವಿರ ದಾಟಿದರು. ಫುಲ್‌ಹ್ಯಾಮ್‌ನಲ್ಲಿ ಕಂಡಂಥದ್ದೇ ಮನೆಯೊಂದು ಕೃಪಾ ಸದನ ಎಂಬ ಹೆಸರಿನಲ್ಲಿ ಇಲ್ಲಿಯೂ ಎದ್ದಿತು. ಕುರುಡರಿಗೆ ಪಾಠ, ನೇಯ್ಗೆ, ಹೈನು, ಬೇಸಾಯ, ಅಚ್ಚುಕೂಟ, ಎಲ್ಲವನ್ನೂ ಹೆಂಗಸರೇ ನಡೆಸಿದರು. ಮುಂದೆ ಇದೇ ಕೆಲಸದ ಒಂದು ಕೊಂಬೆ, ಹೆಣ್ಣುಮಕ್ಕಳ ಶಾಲೆಯಾಗಿ, ಆಗ ನಿಜಾಮರ ಸೀಮೆಯಲ್ಲಿದ್ದ ಗುಲ್ಬರ್ಗಕ್ಕೂ ಬಂತು.

1905ರಲ್ಲಿ ಮುಕ್ತಿಯಲ್ಲಿ ಉಜ್ಜೀವನ ಕಾಣಿಸಿಕೊಂಡಿತು. ಹುಡುಗಿಯರು ಗಂಟೆಗಟ್ಟಲೆ ಅತ್ತು, ಕೂಗಿ ಪ್ರಾರ್ಥಿಸಿದರು. ಈ ಅಬ್ಬರ ಅಶಿಸ್ತೆಂದು ವಿದೇಶಿ ಮಿಷನರಿಗಳಲ್ಲಿ ಕೆಲವರು ಟೀಕಿಸಿದರು. ರಮಾಬಾಯಿ ಅದನ್ನು ತಡೆಯಲಿಲ್ಲ. ಭಾರತದ ಹೆಂಗಸರು ಅಳುವ, ಹಾಡುವ, ಚಪ್ಪಾಳೆ ತಟ್ಟುವ ರೀತಿಯಲ್ಲೇ ದೇವರ ಮುಂದೆ ಬರಲಿ ಎಂದು ಬಿಟ್ಟರು. ತಮ್ಮನ್ನು ಇಂಗ್ಲಿಷರ ಅಳತೆಗೆ ಹೊಂದಿಸಲು ನಡೆದ ಪ್ರಯತ್ನ ಅವರಿಗೆ ಮರೆತಿರಲಿಲ್ಲವೆಂದು ತೋರುತ್ತದೆ. ಮುಕ್ತಿಯ ಚರ್ಚನ್ನು ಯಾವ ಪಂಗಡಕ್ಕೂ ಸೇರಿಸಲಿಲ್ಲ.

ಕೊನೆಯ ವರ್ಷಗಳ ದೊಡ್ಡ ಕೆಲಸ ಸತ್ಯವೇದದ ಮರಾಠಿ ಅನುವಾದ. ಆಗ ಬಳಕೆಯಲ್ಲಿದ್ದ ಅನುವಾದದ ಸಂಸ್ಕೃತಮಯ ಮರಾಠಿ ಮುಕ್ತಿಯ ಹಳ್ಳಿ ಹೆಂಗಸರಿಗೆ ಅರ್ಥವಾಗುತ್ತಿರಲಿಲ್ಲ. ಸಂಸ್ಕೃತದಲ್ಲೇ ಬೆಳೆದ ಪಂಡಿತೆ ಹೀಬ್ರೂ ಮತ್ತು ಗ್ರೀಕ್ ಕಲಿತು, ಮೂಲದಿಂದ ಸರಳ ಮರಾಠಿಗೆ ತರಲು ಕೂತರು. ಈ ಕೆಲಸ ಸುಮಾರು ಎರಡು ದಶಕ ನಡೆಯಿತು. 1921ರ ಜುಲೈನಲ್ಲಿ ಮನೋರಮಾ ತೀರಿಕೊಂಡರು. ತಾಯಿಯ ನಂತರ ಮುಕ್ತಿಯನ್ನು ನಡೆಸಬೇಕಾಗಿದ್ದವರು ಅವರೇ. ಕುಟುಂಬದ ಒಬ್ಬೊಬ್ಬರನ್ನೂ ಕಳೆದುಕೊಂಡು ಬಂದಿದ್ದ ರಮಾಬಾಯಿಗೆ ಉಳಿದಿದ್ದ ಒಂದೇ ಕೊಂಡಿಯೂ ಕಳಚಿತು. ಅವರು ಕರಡು ತಿದ್ದುವುದನ್ನು ನಿಲ್ಲಿಸಲಿಲ್ಲ. 1922ರ ಏಪ್ರಿಲ್ 5ರಂದು ಅವರು ತೀರಿಕೊಂಡಾಗ ಅನುವಾದ ಮುಗಿದಿತ್ತು. ಮುಕ್ತಿಯ ಅಚ್ಚುಕೂಟದಲ್ಲೇ ಅಚ್ಚಾಗಿ ಇಡೀ ಪುಸ್ತಕ 1924ರಲ್ಲಿ ಹೊರಬಂತು.